ಕೆಲಸಮಾಡುತ್ತಿರುವ ಯಂತ್ರದ ಕಾಲ ಮುಗಿಯಿತೆಂದರೇನು?

2025ರ ನವೆಂಬರ್ ತಿಂಗಳ ಒಂದು ಸಂಜೆ ನಮ್ಮ ಪರಿಚಯದ ಮುದ್ರಣಾಲಯದ ಯಜಮಾನರೊಬ್ಬರು ನಮ್ಮಲ್ಲಿಗೆ ಬಂದು, ಕೈಯಲ್ಲಿದ್ದ ಕರಡಚ್ಚಿನ ಕಟ್ಟನ್ನು ಮೇಜಿನ ಮೇಲಿಟ್ಟು, ಕುಳಿತುಕೊಳ್ಳುವುದಕ್ಕೆ ಮೊದಲೇ ಪ್ರಶ್ನೆಯೊಂದನ್ನು ಹಾಕಿದರು: "ಸ್ವಾಮಿ, ನಮ್ಮ ಗಣಕಯಂತ್ರವು ಎರಡು ತಿಂಗಳ ಹಿಂದೆ ಸರಿಯಾಗಿ ಕೆಲಸ ಮಾಡುತ್ತಿತ್ತು, ಇಂದು ಬೆಳಗ್ಗೆಯೂ ಮಾಡಿತು. ಆದರೆ ಅದರ ಕಾಲ ಮುಗಿಯಿತೆಂದು ಪರದೆಯ ಮೇಲೆ ಬರುತ್ತಿದೆ. ಕೆಲಸಮಾಡುತ್ತಿರುವ ಯಂತ್ರದ ಕಾಲ ಮುಗಿಯಿತೆಂದರೆ ಅರ್ಥವೇನು? ಹೊಸದನ್ನು ಮಾರುವ ಉಪಾಯವಲ್ಲವೆ ಇದು?"

ಪ್ರಶ್ನೆಯು ನ್ಯಾಯವಾದುದೇ. ಅವರ ಮುದ್ರಣಾಲಯದಲ್ಲಿ ಅವರ ತಂದೆಯವರ ಕಾಲದ ಕಾಗದ ಕತ್ತರಿಸುವ ಯಂತ್ರವೊಂದಿದೆ. ಅಲಗಿಗೆ ಸಾಣೆ ಹಿಡಿದು, ಎಣ್ಣೆ ಬಿಟ್ಟರೆ ಅದು ಇಂದಿಗೂ ನೂಲು ಹಿಡಿದಂತೆ ಕತ್ತರಿಸುತ್ತದೆ. ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿದರೂ ಅಲಗು ಮೊಂಡಾಗಲಿಲ್ಲ. ಗಣಕಯಂತ್ರಕ್ಕೆ ಮಾತ್ರ ಬೇರೊಂದು ನಿಯಮವೇಕೆ?

ಇದಕ್ಕೆ ಉತ್ತರ ಹೇಳಬೇಕಾದರೆ, ಕಾರ್ಯಾಚರಣ ವ್ಯವಸ್ಥೆಯೆಂದರೇನೆಂಬುದನ್ನು ಮೊದಲು ತಿಳಿಯಬೇಕು. ದೊಡ್ಡದೊಂದು ಛತ್ರವನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಯಾರಿಗೆ ಯಾವ ಕೋಣೆ, ಉಗ್ರಾಣದ ಬೀಗದಕೈ ಯಾರ ಬಳಿ, ಒಂದೇ ಒಲೆಯ ಮೇಲೆ ಯಾರ ಪಾತ್ರೆ ಮೊದಲು ಏರಬೇಕು, ಬಾಗಿಲಲ್ಲಿ ನಿಂತವನನ್ನು ಒಳಕ್ಕೆ ಬಿಡಬಹುದೇ ಬಾರದೇ ಎಂಬುದನ್ನೆಲ್ಲ ನೋಡಿಕೊಳ್ಳಲು ಪಾರುಪತ್ಯಗಾರನೊಬ್ಬನಿರುತ್ತಾನೆ. ನಾವು ಪತ್ರ ಬರೆಯುವ, ಲೆಕ್ಕ ಹಾಕುವ, ಚಿತ್ರ ನೋಡುವ ತಂತ್ರಾಂಶಗಳೆಲ್ಲ ಈ ಛತ್ರಕ್ಕೆ ಬಂದಿಳಿಯುವ ಪ್ರಯಾಣಿಕರು. ಸ್ಮೃತಿಕೋಶ, ತಟ್ಟೆ, ಮುದ್ರಕ, ಅಂತರಜಾಲದ ತಂತಿ ಇವುಗಳಲ್ಲಿ ಯಾವುದನ್ನೂ ಅವು ನೇರವಾಗಿ ಮುಟ್ಟುವಂತಿಲ್ಲ. ಪಾರುಪತ್ಯಗಾರನನ್ನು ಕೇಳಿಯೇ ಪಡೆಯಬೇಕು. ಆ ಪಾರುಪತ್ಯಗಾರನೇ ಕಾರ್ಯಾಚರಣ ವ್ಯವಸ್ಥೆ. ನಮ್ಮ ಮಿತ್ರರ ಯಂತ್ರದಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ವಿಂಡೋಸ್ 10.

ಇದು ಬಳಕೆಗೆ ಬಂದುದು 2015ರ ಜುಲೈ 29ರಂದು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11 ಬಂದುದು 2021ರ ಅಕ್ಟೋಬರ್ 5ರಂದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅಂದು ಯಾವ ಯಂತ್ರವೂ ನಿಂತುಹೋಗಲಿಲ್ಲ. ನಿಂತುದು ತಿಂಗಳು ತಿಂಗಳಿಗೆ, ಎರಡನೆಯ ಮಂಗಳವಾರ, ಉಚಿತವಾಗಿ ಬರುತ್ತಿದ್ದ ತೇಪೆಗಳು ಮಾತ್ರ. ಈ ತೇಪೆಗಳಲ್ಲಿಯೇ ವಿಷಯವೆಲ್ಲ ಅಡಗಿದೆ.

ಕಾರ್ಯಾಚರಣ ವ್ಯವಸ್ಥೆಯೊಂದು ಕೋಟಿಗಟ್ಟಲೆ ಸಾಲುಗಳ ಸೂಚನೆಗಳಿಂದ ಕಟ್ಟಿದ ಕೋಟೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಕಟ್ಟಿದವನಿಗೇ ತಿಳಿಯದ ಸಂದುಗಳು ಉಳಿದೇ ಉಳಿಯುವುವು. ಚಿತ್ರದುರ್ಗದ ಓಬವ್ವನ ಕಿಂಡಿಯ ಕಥೆಯು ಎಲ್ಲರಿಗೂ ತಿಳಿದುದೇ. ಕಿಂಡಿಯು ಬಹುಕಾಲದಿಂದ ಇದ್ದಿತು. ಅದರಿಂದ ಯಾರಿಗೂ ಕೇಡಾಗಿರಲಿಲ್ಲ. ಅದರ ಮೂಲಕ ಒಳಕ್ಕೆ ಹೋಗುವವರೊಬ್ಬರನ್ನು ಹೈದರಾಲಿಯ ಕಡೆಯವರು ಕಂಡಮೇಲೆಯೇ ಅಪಾಯವುಂಟಾಯಿತು. ಕಲ್ಲು ಹಳೆಯದಾಗಲಿಲ್ಲ, ಗೋಡೆ ಬೀಳಲಿಲ್ಲ. ಶತ್ರುವಿನ ತಿಳಿವಳಿಕೆ ಹೆಚ್ಚಿತು, ಅಷ್ಟೆ. ಕಾಗದ ಕತ್ತರಿಸುವ ಯಂತ್ರಕ್ಕೂ ಗಣಕಯಂತ್ರಕ್ಕೂ ಇರುವ ಭೇದವಿದು. ಕತ್ತರಿಸುವ ಯಂತ್ರಕ್ಕೆ ಸವಕಳಿಯುಂಟು, ಶತ್ರುಗಳಿಲ್ಲ. ಕಾರ್ಯಾಚರಣ ವ್ಯವಸ್ಥೆಗೆ ಸವಕಳಿಯಿಲ್ಲ, ಶತ್ರುಗಳುಂಟು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ವ್ಯವಸ್ಥೆಯನ್ನು ಬುಡದಿಂದ ಹೊಸದಾಗಿ ಕಟ್ಟಿದ್ದಾರೆಂದು ಓದುಗರು ಭಾವಿಸಬಾರದು. ವಿಂಡೋಸ್ 10 ಮತ್ತು 11ರ ತಳಹದಿ ಬಹುಮಟ್ಟಿಗೆ ಒಂದೇ. ಆದುದರಿಂದ ಹನ್ನೊಂದರಲ್ಲಿ ಕಂಡ ಸಂದು ಅನೇಕ ವೇಳೆ ಹತ್ತರಲ್ಲಿಯೂ ಇರುತ್ತದೆ. ಹನ್ನೊಂದಕ್ಕೆ ತೇಪೆ ಬಂದ ಕೂಡಲೆ, ಕೇಡಿಗರು ತೇಪೆಗೆ ಮುಂಚಿನ ಹಾಗೂ ಅನಂತರದ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಸಂದು ಎಲ್ಲಿತ್ತೆಂಬುದನ್ನು ಕಂಡುಕೊಳ್ಳುವರು. ಹೀಗೆ ಹೊಸದನ್ನು ಕಾಪಾಡುವ ಪ್ರತಿಯೊಂದು ತೇಪೆಯೂ, ತೇಪೆ ದೊರೆಯದ ಹಳೆಯದಕ್ಕೆ ಮುತ್ತಿಗೆಯ ನಕ್ಷೆಯಾಗುತ್ತದೆ.

ಇದು ಬರಿಯ ಊಹೆಯಲ್ಲ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ತೇಪೆಯನ್ನು ಹೊರತಂದಿತು. ಯಂತ್ರಗಳು ತಮ್ಮತಮ್ಮಲ್ಲಿ ಕಡತಗಳನ್ನು ಹಂಚಿಕೊಳ್ಳುವ ದಾರಿಯಲ್ಲಿದ್ದ ಸಂದನ್ನು ಅದು ಮುಚ್ಚುತ್ತಿತ್ತು. ಒಂದು ತಿಂಗಳಾದ ಮೇಲೆ ಆ ಸಂದಿನಿಂದ ನುಗ್ಗುವ ಉಪಾಯವು ಬಹಿರಂಗವಾಯಿತು. ಮೇ 12ರಂದು 'ವಾನಾಕ್ರೈ' ಎಂಬ ಪಿಡುಗು ಜಗತ್ತಿನಲ್ಲೆಲ್ಲ ಹರಡಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳತೊಡಗಿತು. ಇಂಗ್ಲೆಂಡಿನ ಸರ್ಕಾರಿ ವೈದ್ಯಸೇವೆಯ 236 ಆಸ್ಪತ್ರೆ ಮಂಡಲಿಗಳಲ್ಲಿ ಕಡಮೆಯೆಂದರೂ 81ಕ್ಕೆ ತೊಂದರೆಯಾಯಿತೆಂದೂ, ಸುಮಾರು 19,000 ರೋಗಿಗಳ ಭೇಟಿಗಳು ರದ್ದಾಗಿರಬಹುದೆಂದೂ ಅಲ್ಲಿನ ಲೆಕ್ಕಪರಿಶೋಧಕರು ತಿಳಿಸಿದರು. ಪೋಷಣೆ ನಿಂತು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಯೇ ಇದಕ್ಕೆಲ್ಲ ಕಾರಣವೆಂದು ಆಗ ಅನೇಕರು ಹೇಳಿದರು. ಆದರೆ ಅಲ್ಲಿ ಕೆಟ್ಟ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು. ಅಂದರೆ ತೇಪೆ ದೊರೆಯುತ್ತಿದ್ದರೂ ಹಾಕಿಸಿಕೊಳ್ಳದಿದ್ದುವು. ತೇಪೆ ಹಾಕದ ಹೊಸದು ತೇಪೆಯಿಲ್ಲದ ಹಳೆಯದಕ್ಕಿಂತ ಮೇಲಲ್ಲವೆಂಬುದನ್ನು, ಹೊಸದನ್ನು ಕೊಂಡು ನಿಶ್ಚಿಂತರಾಗುವವರು ಗಮನಿಸಬೇಕು.

ಹಾಗಾದರೆ ಮಾರಾಟದ ಉಪಾಯವೆಂಬ ಆಕ್ಷೇಪವು ಸುಳ್ಳೆ? ಪೂರ್ತಿ ಸುಳ್ಳಲ್ಲವೆಂದೇ ನಮ್ಮ ಅಭಿಪ್ರಾಯ. ಹನ್ನೊಂದಕ್ಕೆ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹವಿದ್ದರೆ ಸಾಕು, ಇದು ಹೆಚ್ಚಿನದೇನಲ್ಲ. ಆದರೆ ಟಿಪಿಎಂ 2.0 ಎಂಬ ರಹಸ್ಯಕೀಲಿಗಳ ಭದ್ರಕೋಶವೂ ಬೇಕು; ಇಂಟೆಲ್ ಪ್ರೊಸೆಸರಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, 2017ರಲ್ಲಿ ಬಂದ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕು. ಭದ್ರಕೋಶದ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಗಟ್ಟಿಮುಟ್ಟಾದ ಯಂತ್ರಗಳು ಇದೊಂದೇ ಕಾರಣದಿಂದ ಗುಜರಿಗೆ ಹೋಗುವುದನ್ನು ನೋಡುವಾಗ ಸಂತೋಷವಾಗುವುದಿಲ್ಲ.

ಮರುದಿನ ನಾವು ಮುದ್ರಣಾಲಯಕ್ಕೆ ಹೋದೆವು. ಅಲ್ಲಿದ್ದುವು ಮೂರು ಯಂತ್ರಗಳು. ಮುಂದಿನ ಕೋಣೆಯದನ್ನು 2019ರಲ್ಲಿ ಕೊಂಡದ್ದು. ಬ್ಯಾಂಕಿನ ವ್ಯವಹಾರ, ಗಿರಾಕಿಗಳ ಮಿಂಚಂಚೆ, ತೆರಿಗೆಯ ಲೆಕ್ಕ ಎಲ್ಲವೂ ಅದರಲ್ಲಿ. ಹೊರಲೋಕವನ್ನು ದಿನವೂ ಮುಟ್ಟುವ, ಹಣವನ್ನೂ ಮುಟ್ಟುವ ಯಂತ್ರವಾದುದರಿಂದ ಅದರ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ. "ಈ ಯಂತ್ರ ಹೊಸದಕ್ಕೆ ಅರ್ಹವಲ್ಲವೆಂದು ತೋರಿಸುತ್ತಿದೆ" ಎಂದು ಯಜಮಾನರು ನಿರಾಶರಾಗಿದ್ದರು. ನೋಡಿದರೆ ಭದ್ರಕೋಶವು ಒಳಗೇ ಇದ್ದಿತು, ಅದನ್ನು ಚಾಲೂ ಮಾಡಿರಲಿಲ್ಲ, ಅಷ್ಟೆ! ಯಂತ್ರವು ಏಳುವಾಗ ತೆರೆಯುವ ಮೂಲಸಿದ್ಧತೆಯ ಪುಟದಲ್ಲಿ ಒಂದು ಗುರುತನ್ನು ಬದಲಾಯಿಸಿದಾಗ ಅರ್ಹತೆ ಬಂದಿತು. ಇಂಥ ಯಂತ್ರಗಳು ಬೇಕಾದಷ್ಟಿರುವುದರಿಂದ, ಹೊಸದನ್ನು ಕೊಳ್ಳುವ ಮೊದಲು ಇದನ್ನು ಪರೀಕ್ಷಿಸುವುದು ಮೇಲು.

ಎರಡನೆಯದು ಅಕ್ಷರಜೋಡಣೆಯ ಯಂತ್ರ, 2014ರದು. ನಾಲ್ಕನೆಯ ಪೀಳಿಗೆಯ ಪ್ರೊಸೆಸರ್. ಯಾವ ಗುರುತು ಬದಲಾಯಿಸಿದರೂ ಅದಕ್ಕೆ ಅರ್ಹತೆ ಬಾರದು. ಇಂಥವಕ್ಕಾಗಿ ಮೈಕ್ರೋಸಾಫ್ಟ್ ಒಂದು ವಾಯಿದೆಯನ್ನು ಪ್ರಕಟಿಸಿದ್ದಿತು: ಮನೆಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳು, ಸಂಸ್ಥೆಗಳಿಗಾದರೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರು, ಮುಂದೆ ವರ್ಷವರ್ಷವೂ ಅದರ ಇಮ್ಮಡಿ, ಒಟ್ಟು ಮೂರು ವರ್ಷ. ಮೂರು ವರ್ಷದ ಮೊತ್ತವನ್ನು ಯಜಮಾನರು ಬೆರಳಲ್ಲಿ ಎಣಿಸಿ, "ಇಷ್ಟಕ್ಕೆ ಇಂಥದೇ ಬಳಸಿದ ಯಂತ್ರ, ಸ್ವಲ್ಪ ಹೊಸದು, ಬರುತ್ತದಲ್ಲ!" ಎಂದರು. ಬಡ್ಡಿಯ ಲೆಕ್ಕ ಬಲ್ಲವರಿಗೆ ನಾವು ಹೇಳಬೇಕಾದುದೇನೂ ಉಳಿಯಲಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ಇಂಥ ಯಂತ್ರದಲ್ಲಿ ಚೆನ್ನಾಗಿ ನಡೆಯುವುದೆಂದು ಸೂಚಿಸಿದೆವು. ಯುನಿಕೋಡ್ ಕನ್ನಡವು ಅದರಲ್ಲಿ ಸೊಗಸಾಗಿ ಬರುತ್ತದೆ. ಆದರೆ ಜೋಡಣೆಯ ಕೋಣೆಯ ನಿಜವಾದ ಗಂಟು ಹೊರಬಂದುದು ಆಗಲೇ.

ಮೂರನೆಯ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ. ಅದರೊಳಗೆ 2001ರಲ್ಲಿ ಕೊನೆಯ ರೂಪ ಕಂಡ ಪೇಜ್‌ಮೇಕರ್. ಅಗಲವಾದ ಹಳೆಯ ತಂತಿಯಲ್ಲಿ ಕಟ್ಟಿಕೊಂಡ ಮುದ್ರಕ. ಇಪ್ಪತ್ತು ವರ್ಷಗಳ ಪಂಚಾಂಗಗಳು, ಊರಿನ ಕವಿಗಳ ಪುಸ್ತಕಗಳು, ಲೆಕ್ಕವಿಲ್ಲದಷ್ಟು ಲಗ್ನಪತ್ರಿಕೆಗಳು ಅದರ ಹೊಟ್ಟೆಯಲ್ಲಿವೆ. ಅವೆಲ್ಲವೂ ಹಳೆಯ ಅಕ್ಷರಶೈಲಿಗಳಲ್ಲಿ ಜೋಡಿಸಿದುವು. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಮೊದಲು ಬಂದ ಕಾಲದಲ್ಲಿ ಕನ್ನಡಕ್ಕೆ ಯಂತ್ರದೊಳಗೆ ಸ್ವಂತ ಮನೆ ಇರಲಿಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಸಾಲು. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಓಣಿಯಿದೆ.

ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ತಂತ್ರಾಂಶಗಳಿವೆ. ನಾವು ಒಂದು ಪುಟವನ್ನು ಪರಿವರ್ತಿಸಿ ನೋಡಿದೆವು. ತೊಂದರೆ ಕೊಟ್ಟುದು ಅರ್ಕಾವೊತ್ತು. 'ಕರ್ನಾಟಕ' ಎಂಬಲ್ಲಿ ರೇಫವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತನ್ನು 'ನಾ' ಆದಮೇಲೆ ಬರೆಯುತ್ತೇವೆ. ಹಳೆಯ ಶೈಲಿಯು ಕಣ್ಣಿನ ಕ್ರಮದಲ್ಲಿ ಕೂಡಿಸುತ್ತದೆ. ಯುನಿಕೋಡು ಕಿವಿಯ ಕ್ರಮದಲ್ಲಿ. ಪರಿವರ್ತಕವು ಗುರುತನ್ನು ಹಿಂದಕ್ಕೆ ಸಾಗಿಸುವಾಗ ಒತ್ತಕ್ಷರವೇನಾದರೂ ಅಡ್ಡಬಂದರೆ ಎಡವುವುದುಂಟು. ಆದುದರಿಂದ ಪುಟಪುಟವನ್ನೂ ಮನುಷ್ಯರ ಕಣ್ಣು ನೋಡಲೇಬೇಕು.

ಈ ಮೂರನೆಯ ಯಂತ್ರವನ್ನು ಹೊಸ ವ್ಯವಸ್ಥೆಗೆ ಏರಿಸುವ ಮಾತೇ ಇಲ್ಲ. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ. 32 ಬಿಟ್ಟಿನ ಹಳೆಯ ಮುದ್ರಕಚಾಲಕಗಳನ್ನು ಅದು ಒಪ್ಪುವುದಿಲ್ಲ, 16 ಬಿಟ್ಟಿನ ತಂತ್ರಾಂಶಗಳನ್ನು ನಡೆಸುವುದೂ ಇಲ್ಲ. ಹಾಗೆಯೇ ಇರಲಿ, ಆದರೆ ಅಂತರಜಾಲದ ತಂತಿಯನ್ನು ಕಿತ್ತುಬಿಡಿ ಎಂದು ಹೇಳಿದೆವು. ಅದೂ ಸಾಲದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳುವು, ಅಂತರಜಾಲದ ಸಂಪರ್ಕವಿಲ್ಲದ ಯಂತ್ರಗಳಿಗೂ ಪೆನ್‌ಡ್ರೈವಿನ ಮೂಲಕ ಹೊಕ್ಕಿತ್ತು. ಗಿರಾಕಿಯು ತಂದ ಪೆನ್‌ಡ್ರೈವನ್ನು ಮುಂದಿನ ಕೋಣೆಯಲ್ಲಿ ಪರೀಕ್ಷಿಸದೆ ಒಳಕ್ಕೆ ತರಬಾರದೆಂದು ಯಜಮಾನರು ಅಂದೇ ಒಂದು ಚೀಟಿಯನ್ನು ಬರೆದು ಬಾಗಿಲಿಗೆ ಅಂಟಿಸಿದರು.

ಮೊದಲನೆಯ ಯಂತ್ರವನ್ನು ಏರಿಸುವ ಮುನ್ನ ಎರಡು ದಿನ ತಡೆದೆವು. ಕಡತಗಳನ್ನೆಲ್ಲ ಹೊರಗಿನ ತಟ್ಟೆಯೊಂದಕ್ಕೆ ನಕಲು ಮಾಡಿ, ಆ ನಕಲು ನಿಜವಾಗಿ ತೆರೆಯುವುದೇ ಎಂದು ಬೇರೆ ಯಂತ್ರದಲ್ಲಿ ನೋಡಿದೆವು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರದೇ ಒಂದು ಪರಿಷ್ಕರಣವು ಕೆಲವರ ಕಡತಗಳನ್ನು ಅಳಿಸಿಹಾಕಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಗಿ ಬಂದುದು ನಮಗೆ ನೆನಪಿದ್ದಿತು. ತಟ್ಟೆಗೆ ಗೂಢಲಿಪಿಯ ರಕ್ಷಣೆಯಿದ್ದರೆ ಅದರ 48 ಅಂಕಿಗಳ ಮರಳುಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಯಂತ್ರದೊಳಗೇ ಬರೆದಿಟ್ಟರೆ ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟಂತಾಗುವುದು. ಹೊಸದು ಹಿಡಿಸದಿದ್ದರೆ ಹತ್ತು ದಿನಗಳೊಳಗೆ ಹಳೆಯದಕ್ಕೆ ಮರಳಲು ಅವಕಾಶವುಂಟು.

ಏರಿಸುವ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಮುಂದಿನ ಕೋಣೆಯ ಮುದ್ರಕವು ಒಂದು ದಿನ ಮುನಿಸಿಕೊಂಡು, ಹೊಸ ಚಾಲಕವನ್ನು ಹಾಕಿದಮೇಲೆ ಸರಿಹೋಯಿತು. ಎರಡನೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸಿ, ಹೊಸ ಕೆಲಸಗಳನ್ನೆಲ್ಲ ಯುನಿಕೋಡಿನಲ್ಲಿಯೇ ಜೋಡಿಸುವುದೆಂದಾಯಿತು. ಮೂರನೆಯದರ ಹೊಟ್ಟೆಯಲ್ಲಿದ್ದ ಪುಸ್ತಕಗಳನ್ನು ಪರಿವರ್ತಿಸಿ ತಿದ್ದಲು, ಮೊಳೆ ಜೋಡಿಸುತ್ತಿದ್ದ ಕಾಲದ ಹಿರಿಯ ಕರಡು ತಿದ್ದುಗರೊಬ್ಬರನ್ನು ಯಜಮಾನರು ಮನೆಗೆ ಹೋಗಿ ಕರೆತಂದರು. ಡಿಸೆಂಬರ್ ಕೊನೆಯಲ್ಲಿ ನಾವು ಹೋದಾಗ ಆ ಹಿರಿಯರು ಹನ್ನೊಂದನೆಯ ಪುಸ್ತಕದಲ್ಲಿದ್ದರು. ಎದುರಿಗಿದ್ದ ಹಾಳೆಯಲ್ಲಿ ಕೆಂಪು ಮಸಿಯಿಂದ ಸುತ್ತಿದ್ದುವೆಲ್ಲ ಬಹುಮಟ್ಟಿಗೆ ಅರ್ಕಾವೊತ್ತುಗಳೇ.