ಕಿವಿಯೊಳಗಿನ ನಾದ: ದುಬಾರಿ ಇಯರ್‌ಫೋನ್‌ಗಳ ಧ್ವನಿಗುಣವನ್ನು ಹೋಲಿಸುವ ಬಗೆ

ಒಂದೇ ಹಾಡನ್ನು ಎರಡು ಇಯರ್‌ಫೋನ್‌ಗಳಲ್ಲಿ ಕೇಳಿದಾಗ, ಒಂದರಲ್ಲಿ ಗಾಯಕನ ಕಂಠ ಎದುರಿಗೇ ಬಂದು ನಿಂತಂತೆಯೂ ಮತ್ತೊಂದರಲ್ಲಿ ಅದು ತಬಲಾದ ಹಿಂದೆ ಸರಿದಂತೆಯೂ ತೋರುವುದುಂಟು. ಹಾಡು ಬದಲಾಗಿಲ್ಲ, ಕೇಳುವ ಕಿವಿಯೂ ಬದಲಾಗಿಲ್ಲ. ಆದರೂ ಅನುಭವ ಬೇರೆಯಾಗಿದೆ. ಈ ವ್ಯತ್ಯಾಸಕ್ಕೆ ಕಾರಣವಾದುದನ್ನು ಸಾಧನದ ಧ್ವನಿಗುಣ ಎನ್ನಬಹುದು. ಲಕ್ಷ ರೂಪಾಯಿ ಮೀರಿದ ಇಯರ್‌ಫೋನ್‌ಗಳೂ ಮಾರುಕಟ್ಟೆಯಲ್ಲಿರುವ ಈ ಕಾಲದಲ್ಲಿ, ಆ ಬೆಲೆ ಯಾವುದಕ್ಕೆ ಸಲ್ಲುತ್ತದೆ, ಒಂದರ ಗುಣವನ್ನು ಮತ್ತೊಂದರೊಡನೆ ನ್ಯಾಯವಾಗಿ ತೂಗುವುದು ಹೇಗೆ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ. ಅದು ವಿಜ್ಞಾನಕ್ಕೆ ಸಂಬಂಧಿಸಿರುವಷ್ಟೇ ಭಾಷೆಗೂ ಸಂಬಂಧಿಸಿದೆ.

ಮೊದಲು ಕಿವಿಯ ರಚನೆ. ಕಿವಿಯ ಹೊರನಾಳವು ಸುಮಾರು 25 ಮಿಲಿಮೀಟರ್ ಉದ್ದದ, ಒಂದು ತುದಿಯಲ್ಲಿ ತೆರೆದು ಇನ್ನೊಂದು ತುದಿಯಲ್ಲಿ ಕಿವಿತಮಟೆಯಿಂದ ಮುಚ್ಚಿದ ಕೊಳವೆ. ಅಂಥ ಕೊಳವೆಯನ್ನು ಊದಿದಾಗ ಅದರ ಉದ್ದಕ್ಕೆ ತಕ್ಕ ಸ್ವರವೊಂದು ಎದ್ದು ಕೇಳುವಂತೆ, ಈ ನಾಳವೂ 3000 ಹರ್ಟ್ಸ್‌ನ ಆಸುಪಾಸಿನ ಧ್ವನಿಯನ್ನು ತಾನಾಗಿಯೇ ಹಿಗ್ಗಿಸುತ್ತದೆ. ಹುಟ್ಟಿನಿಂದ ಆ ಏರಿಕೆಯೊಡನೆಯೇ ಕೇಳುತ್ತ ಬಂದ ಮಿದುಳಿಗೆ ಅದೇ ಸಹಜ. ಇಯರ್‌ಫೋನನ್ನು ಒಳಗೆ ಕೂರಿಸಿದೊಡನೆ ತೆರೆದ ತುದಿ ಮುಚ್ಚಿಹೋಗಿ ಈ ಸಹಜ ಅನುರಣನ ಕೆಡುತ್ತದೆ. ಆದ್ದರಿಂದ ಕಳೆದುಹೋದ ಏರಿಕೆಯನ್ನು ತಯಾರಕರು ಸಾಧನದಲ್ಲಿಯೇ ಮರಳಿ ಕಟ್ಟಿಕೊಡಬೇಕಾಗುತ್ತದೆ. ಕಡಿಮೆಯಾದರೆ ಕಂಠ ಮಂಕಾಗಿ, ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಹೆಚ್ಚಾದರೆ ಅದೇ ಕಂಠ ಕಿರುಚತೊಡಗುತ್ತದೆ. ಧ್ವನಿಗುಣದ ಭೇದಗಳಲ್ಲಿ ಬಹುಪಾಲು ಇಂಥ ಏರಿಳಿತಗಳಲ್ಲಿಯೇ ಅಡಗಿವೆ.

ಉನ್ನತ ದರ್ಜೆಯ ಇಯರ್‌ಫೋನ್‌ಗಳ ಇತಿಹಾಸ ದೀರ್ಘವಾದುದಲ್ಲ. ಅಮೆರಿಕದಲ್ಲಿ ಮೀಡ್ ಕಿಲಿಯನ್ ಸ್ಥಾಪಿಸಿದ ಎಟಿಮೋಟಿಕ್ ರಿಸರ್ಚ್ ಸಂಸ್ಥೆ 1991ರಲ್ಲಿ ಇಆರ್-4 ಎಂಬ ಮಾದರಿಯನ್ನು ಹೊರತಂದಿತು. ಶ್ರವಣಯಂತ್ರಗಳಲ್ಲಿ ಬಳಕೆಯಲ್ಲಿದ್ದ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಧ್ವನಿಜನಕವೇ ಅದರ ಜೀವಾಳ. ಕೆಲವು ವರ್ಷಗಳ ಬಳಿಕ ಧ್ವನಿ ತಂತ್ರಜ್ಞ ಜೆರಿ ಹಾರ್ವೆ, ವೇದಿಕೆಯ ಅಬ್ಬರದ ನಡುವೆ ತನ್ನ ವಾದನವನ್ನು ತಾನೇ ಕೇಳಿಸಿಕೊಳ್ಳಲಾಗದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಇಯರ್‌ಫೋನ್ ರೂಪಿಸಿದರು. 1995ರಲ್ಲಿ ಅಲ್ಟಿಮೇಟ್ ಇಯರ್ಸ್ ಸಂಸ್ಥೆ ಹುಟ್ಟಿದ್ದು ಹೀಗೆ. ಅಂದರೆ ಒಂದು ಕವಲು ಶ್ರವಣವಿಜ್ಞಾನದಿಂದ, ಇನ್ನೊಂದು ರಂಗವೇದಿಕೆಯಿಂದ ಬಂದು ಇಲ್ಲಿ ಕೂಡಿಕೊಂಡಿವೆ.

ಇಂದಿನ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಧ್ವನಿಜನಕಗಳಿವೆ. ಡೈನಾಮಿಕ್ ಡ್ರೈವರ್‌ನಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಕಂಪಿಸಿ ಗಾಳಿಯನ್ನು ತಳ್ಳುತ್ತದೆ. ಮಂದ್ರಧ್ವನಿಗೆ ಮೈ ತುಂಬಿಕೊಡುವುದರಲ್ಲಿ ಇದಕ್ಕೆ ಹೆಸರು. ಬ್ಯಾಲೆನ್ಸ್ಡ್ ಆರ್ಮೇಚರ್‌ನಲ್ಲಿ ಅಯಸ್ಕಾಂತಗಳ ನಡುವೆ ಸಮತೂಕದಲ್ಲಿ ನಿಂತ ಸಣ್ಣ ಲೋಹದ ಪಟ್ಟಿ ಅಲುಗಿ ಪೊರೆಯನ್ನು ನಡೆಸುತ್ತದೆ. ಇದು ಬಹಳ ಚಿಕ್ಕದಾದ್ದರಿಂದ ಹಲವನ್ನು ಒಂದೇ ಗೂಡಿನಲ್ಲಿ ಕೂರಿಸಿ, ಒಂದೊಂದಕ್ಕೂ ಒಂದೊಂದು ಸ್ಥಾಯಿಯ ಹೊಣೆ ವಹಿಸಬಹುದು.

ಮೂರು ಉದಾಹರಣೆಗಳಿಂದ ಈ ಮಾತು ಸ್ಪಷ್ಟವಾದೀತು. 2013ರಲ್ಲಿ ಬಂದ ಶೂರ್ ಎಸ್‌ಇ846ರಲ್ಲಿ ನಾಲ್ಕು ಆರ್ಮೇಚರ್‌ಗಳಿವೆ. ಉಕ್ಕಿನ ತೆಳು ಫಲಕಗಳಲ್ಲಿ ಕೊರೆದ ಸುತ್ತುದಾರಿಯ ಮೂಲಕ ಮಂದ್ರಧ್ವನಿಯನ್ನು ಹಾಯಿಸಿ, ಅದು ಕಂಠದ ಪ್ರದೇಶಕ್ಕೆ ನುಗ್ಗದಂತೆ ತಡೆದಿರುವುದು ಅದರ ವಿಶೇಷ. ಅದರ ಮೂತಿಯ ಶೋಧಕವನ್ನು ಬದಲಿಸಿದರೆ 1000ದಿಂದ 8000 ಹರ್ಟ್ಸ್‌ವರೆಗಿನ ಧ್ವನಿ ಸುಮಾರು ಎರಡೂವರೆ ಡೆಸಿಬಲ್ ಏರುತ್ತದೆ ಅಥವಾ ಇಳಿಯುತ್ತದೆ. ಇಷ್ಟೇ ಅಂತರದಿಂದ ಅದೇ ಸಾಧನ ಒಮ್ಮೆ ಬೆಳಗುವಂತೆಯೂ ಒಮ್ಮೆ ಬೆಚ್ಚಗಿರುವಂತೆಯೂ ಕೇಳುತ್ತದೆ. ಸೋನಿ ಐಇಆರ್-ಜೆಡ್1ಆರ್, 12 ಮಿಲಿಮೀಟರ್‌ನ ಡೈನಾಮಿಕ್ ಡ್ರೈವರ್‌ಗೆ ಒಂದು ಆರ್ಮೇಚರನ್ನೂ 5 ಮಿಲಿಮೀಟರ್‌ನ ಮತ್ತೊಂದು ಡೈನಾಮಿಕ್ ಡ್ರೈವರನ್ನೂ ಕೂಡಿಸಿದ ಮಿಶ್ರ ರಚನೆ. ವಿಶಾಲವಾದ ಮಂದ್ರ ಅದರ ಗುರುತು. 2021ರ ಸೆನ್‌ಹೈಸರ್ ಐಇ 900 ಇದಕ್ಕೆ ತೀರ ಭಿನ್ನ. ಅಲ್ಲಿ 7 ಮಿಲಿಮೀಟರ್‌ನ ಒಂದೇ ಡ್ರೈವರ್ ಇದೆ. ಅಲ್ಯೂಮಿನಿಯಂ ಗೂಡಿನೊಳಗೆ ಕೊರೆದ ಸಣ್ಣ ಕೋಣೆಗಳೇ ಅನಗತ್ಯ ಅನುರಣನಗಳನ್ನು ಹೀರಿಕೊಳ್ಳುತ್ತವೆ. ಡ್ರೈವರ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ಮಾರುಕಟ್ಟೆಯ ನಂಬಿಕೆಗೆ ಆಧಾರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈ ಭೇದಗಳನ್ನು ಹೇಳಲು ಮಾತು ಬೇಕು. ಧ್ವನಿಯನ್ನು ಬಣ್ಣಿಸುವಾಗ ಎಲ್ಲ ಭಾಷೆಗಳೂ ಇತರ ಇಂದ್ರಿಯಗಳಿಂದ ಸಾಲ ಪಡೆಯುತ್ತವೆ. ಕನ್ನಡದಲ್ಲಿ ಸವಿದನಿ, ಮರಾಠಿಯಲ್ಲಿ ‘ಗೋಡ ಗಳಾ’, ಎರಡೂ ನಾಲಗೆಯಿಂದ ಬಂದವು. ಬೆಚ್ಚಗಿನ ಧ್ವನಿ ಎಂದರೆ ಮಂದ್ರ ಸ್ವಲ್ಪ ಮೇಲೆದ್ದು ತಾರ ತಗ್ಗಿರುವುದು. ಒಣಗಿದ ಧ್ವನಿ ಎಂದರೆ ಮಂದ್ರ ಕೊರತೆಯಾಗಿರುವುದು. ಚುಚ್ಚುವ ಧ್ವನಿ ಎಂದರೆ ಸಕಾರದ ಸೀಟಿ ನೆಲೆಸಿರುವ 5000 ಹರ್ಟ್ಸ್‌ನ ಮೇಲಿನ ಪ್ರದೇಶ ಮಿತಿಮೀರಿರುವುದು. ಹೀಗೆ ಪ್ರತಿ ಪದಕ್ಕೂ ಒಂದು ನೆಲೆ ತೋರಿಸಿದಾಗ ಮಾತ್ರ ವರ್ಣನೆ ವಿಮರ್ಶೆಯಾಗುತ್ತದೆ. ಇಲ್ಲವಾದರೆ ಅದು ಜಾಹೀರಾತಾಗಿಯೇ ಉಳಿಯುತ್ತದೆ.

ಪರೀಕ್ಷೆಗೆ ಪರಿಚಿತ ಸಂಗೀತವೇ ಒಳ್ಳೆಯದು. ಕನ್ನಡ ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಹಾಡಿದ ಭೀಮಸೇನ ಜೋಶಿಯವರ ಧ್ವನಿಮುದ್ರಿಕೆ ಗಡಿಭಾಗದ ಯಾವ ಮನೆಗೂ ಹೊಸದಲ್ಲ. ಅಂಥ ಗಾಯನದಲ್ಲಿ ಡಗ್ಗಾದ ಗುಮುಕು ಮಂದ್ರವನ್ನು, ಕಂಠ ಮಧ್ಯವನ್ನು, ತಂಬೂರಿಯ ಜವಾರಿಯಿಂದ ಹೊಮ್ಮುವ ಉಪಸ್ವರಗಳು ತಾರವನ್ನು ಪರೀಕ್ಷಿಸುತ್ತವೆ. ಡಗ್ಗಾ ಕಂಠವನ್ನು ಮುಚ್ಚಿದರೆ ಮಂದ್ರ ಮಿಗಿಲಾಗಿದೆ; ತಂಬೂರಿ ಬರಿಯ ಗುಂಯ್‌ಗುಟ್ಟುವಿಕೆಯಾಗಿ ಕೇಳಿದರೆ ತಾರ ಸೊರಗಿದೆ.

ಹೋಲಿಕೆಯಲ್ಲಿ ಮೂರು ಮೋಸಗಳಿವೆ. ಮೊದಲನೆಯದು ಗಟ್ಟಿತನ. ಧ್ವನಿ ಮೆಲುವಾದಾಗ ಕಿವಿ ಮಂದ್ರವನ್ನು ಕಡಿಮೆ ಗ್ರಹಿಸುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದರು. ಆದ್ದರಿಂದ ತುಸು ಗಟ್ಟಿಯಾಗಿ ನುಡಿಯುವ ಸಾಧನವೇ ಹೆಚ್ಚು ತುಂಬಿದಂತೆ ಕೇಳುತ್ತದೆ. ಎರಡನ್ನೂ ಸಮಮಟ್ಟಕ್ಕೆ ತಂದ ಮೇಲೆಯೇ ತೀರ್ಪು ಸಾಧ್ಯ. ಎರಡನೆಯದು ಕೂರುವ ಬಗೆ. ರಬ್ಬರ್ ತುದಿ ಸರಿಹೊಂದದೆ ಗಾಳಿ ಸೋರಿದರೆ ಮಂದ್ರವೆಲ್ಲ ಹರಿದುಹೋಗುತ್ತದೆ. ಮೂರನೆಯದು ಧ್ವನಿಯ ಮೂಲ. ಇಆರ್-4ರ ಪಿ ಮಾದರಿಯ ವಿದ್ಯುತ್ ರೋಧ 27 ಓಮ್, ಎಸ್ ಮಾದರಿಯದು 100 ಓಮ್. ಪಿ ಮಾದರಿಗೆ 75 ಓಮ್‌ನ ರೋಧಕ ಸೇರಿಸಿದರೆ ಅದು ಎಸ್ ಮಾದರಿಯಂತೆ, ತಾರ ಹೆಚ್ಚಿ, ನುಡಿಯುತ್ತದೆ. ಹಾಗಾದರೆ ಒಂದು ಫೋನಿನಲ್ಲಿ ಕೇಳಿದ ಗುಣ ಮತ್ತೊಂದರಲ್ಲಿ ಹಾಗೆಯೇ ಉಳಿಯಲೇಬೇಕೆಂದಿಲ್ಲ.

ಮಾಪನ ಈ ಗೊಂದಲವನ್ನು ಕೆಲಮಟ್ಟಿಗೆ ನೀಗುತ್ತದೆ. ಪ್ರಯೋಗಾಲಯದ ಕೃತಕ ಕಿವಿ ಸಾಧನದ ಏರಿಳಿತವನ್ನು ರೇಖೆಯಾಗಿ ತೋರಿಸುತ್ತದೆ. ಸುಮಾರು 10,000 ಹರ್ಟ್ಸ್ ಮೀರಿದ ಮೇಲೆ ಅದರ ಮಾತನ್ನು ಪೂರ್ತಿ ನಂಬಲಾಗದು. ಹರ್ಮನ್ ಸಂಸ್ಥೆಯ ಷಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ಒಲವನ್ನು ಪರೀಕ್ಷಿಸಿ, ಹೆಚ್ಚಿನವರು ಮೆಚ್ಚುವ ರೇಖೆಯೊಂದನ್ನು ರೂಪಿಸಿದ್ದಾರೆ. ಅದು ಬಹುಮತವೇ ಹೊರತು ಶಾಸನವಲ್ಲ. ಬೆಲೆಯ ವಿಷಯದಲ್ಲಂತೂ ಮಾಪನದ ಸಾಕ್ಷ್ಯ ಕಠಿಣವಾಗಿದೆ. ಯೆರೂನ್ ಬ್ರೇಬಾರ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 283 ಹೆಡ್‌ಫೋನ್‌ಗಳ ರೇಖೆಗಳನ್ನು ಬೆಲೆಯೊಡನೆ ಹೋಲಿಸಿದಾಗ, ಎರಡಕ್ಕೂ ಸಂಬಂಧ ಕಂಡುಬರಲಿಲ್ಲ. ದುಬಾರಿ ಸಾಧನದಲ್ಲಿ ಗೂಡಿನ ನಯ, ಬಾಳಿಕೆ, ವಿನ್ಯಾಸದ ಶ್ರಮ ಇರಬಹುದು. ಇಂಪು ಬೆಲೆಗೆ ತಕ್ಕಂತೆ ಏರುತ್ತ ಹೋಗುವುದಿಲ್ಲ. ಸಾಲ ಮಾಡಿ ಇಯರ್‌ಫೋನ್ ಕೊಳ್ಳಹೊರಟ ವಿದ್ಯಾರ್ಥಿ ಮೊದಲು ಅರಿಯಬೇಕಾದುದು ಇದನ್ನೇ.

ಕೊನೆಯದಾಗಿ ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯವು. ಮೊದಲು ಹೋಗುವುದು ತಾರದ ಗ್ರಹಿಕೆ, ಅಂದರೆ ತಂಬೂರಿಯ ಜವಾರಿ. ಚೆನ್ನಾಗಿ ಕೂರುವ ಇಯರ್‌ಫೋನ್ ಹೊರಗಿನ ಗದ್ದಲವನ್ನು ತಡೆಯುವುದರಿಂದ, ಬಸ್ಸಿನಲ್ಲಿಯೂ ಧ್ವನಿಯನ್ನು ತಗ್ಗಿಸಿಯೇ ಕೇಳಲು ಸಾಧ್ಯ. ಕೊಳ್ಳುವಾಗ ಎರಡು ಸಾಧನಗಳನ್ನು ಸಮಮಟ್ಟದಲ್ಲಿಟ್ಟು, ಪರಿಚಿತವಾದ ಒಂದೇ ಹಾಡನ್ನು, ಬೆಲೆಯ ಚೀಟಿ ನೋಡದೆ, ಮೆಲುದನಿಯಲ್ಲಿ ಕೇಳುವುದು ಉತ್ತಮ. ಮೆಲುದನಿಯಲ್ಲಿಯೂ ಪದಗಳು ಬಿಡಿಬಿಡಿಯಾಗಿ ತಿಳಿಯುವ ಸಾಧನವನ್ನು, ಅದು ಅಗ್ಗದ್ದಾದರೂ, ಆರಿಸಿಕೊಳ್ಳಲು ಹಿಂಜರಿಯಬೇಕಾಗಿಲ್ಲ.