ಹೋಪ ದಾರಿ, ಉಂಬ ಹೊತ್ತು: ಇದು ಅಶುದ್ಧ ಕನ್ನಡವೇ?

ಕೊಲ್ಲೂರಿನ ದೇವಸ್ಥಾನದ ಬೀದಿಯಲ್ಲಿ ಮಲಯಾಳ ಕಿವಿಗೆ ಬೀಳದ ದಿನವಿಲ್ಲ. ಮೂಕಾಂಬಿಕೆಯ ಸನ್ನಿಧಿಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದ ಭಕ್ತರು ತಂಡತಂಡವಾಗಿ ಬರುತ್ತಾರೆ. ಅಂಗಡಿಯವರು ಅವರೊಡನೆ ಮಲಯಾಳದಲ್ಲಿ, ಬೆಂಗಳೂರಿನವರೊಡನೆ ಪುಸ್ತಕದ ಕನ್ನಡದಲ್ಲಿ ವ್ಯಾಪಾರ ಕುದುರಿಸುತ್ತಾರೆ. ಗಿರಾಕಿ ಅತ್ತ ಸರಿದ ಮೇಲೆ ತಮ್ಮೊಳಗೆ ಆಡುವುದು ಕುಂದಗನ್ನಡ.

ಹೋಗಬೇಕು ಎನ್ನುವುದಕ್ಕೆ ಇಲ್ಲಿ 'ಹೋಯ್ಕ್', ಬರಬೇಕು ಎನ್ನುವುದಕ್ಕೆ 'ಬರ್ಕ್'. ಘಟ್ಟದ ಮೇಲಿನವರಿಗೆ ಇದು ನಗೆಯ ವಸ್ತು. ಶಾಲೆಯಲ್ಲಿ ಇದು ತಿದ್ದಬೇಕಾದ ತಪ್ಪು. ಆದರೆ 'ಹೋಪ ದಾರಿ', 'ಬಪ್ಪ ವರ್ಷ', 'ಉಂಬ ಹೊತ್ತು' ಎಂಬ ಮಾತುಗಳನ್ನು ಗಮನಿಸಿ. ಹಳಗನ್ನಡದ ಪೋಪ, ಬರ್ಪ, ಉಣ್ಬ ರೂಪಗಳೇ ಇವು. ಪುಸ್ತಕದ ಕನ್ನಡ ಇವನ್ನು ಬಿಟ್ಟು ಹೋಗುವ, ಬರುವ, ಉಣ್ಣುವ ಎಂದಿತು. 'ಎಂಬ'ದಂಥ ಪದದಲ್ಲಿ ಮಾತ್ರ ಹಳೆಯ ಕುರುಹು ಉಳಿಸಿಕೊಂಡಿತು. ಹಾಗಾದರೆ ಕೆಟ್ಟದ್ದು ಯಾವುದು?

ಅರಬ್ಬೀ ಸಮುದ್ರದ ಆಚೆ ದಂಡೆ, ಪೂರ್ವ ಆಫ್ರಿಕಾದಲ್ಲಿಯೂ ಈ ಪ್ರಶ್ನೆಯಿದೆ. ಅಲ್ಲಿನ ಸ್ವಾಹಿಲಿ ಬಂದರಿಗೊಂದು ಬಗೆ. 1928ರಲ್ಲಿ ಮೊಂಬಾಸಾದಲ್ಲಿ ಸೇರಿದ ಸಮ್ಮೇಳನ ಜಾಂಜಿಬಾರಿನ ಮಾತನ್ನು ಶಿಷ್ಟ ರೂಪವೆಂದು ಆರಿಸಿತು. ಅಂದಿನಿಂದ, ಹಳೆಯ ಕಾವ್ಯಪರಂಪರೆಯುಳ್ಳ ಲಾಮು, ಮೊಂಬಾಸಾಗಳ ನುಡಿಯೂ ಬರಿಯ ಉಪಭಾಷೆ!

ಕೊಮೊರೊ ದ್ವೀಪಗಳ ಕಥೆ ಬೇರೆ. ಅಲ್ಲಿನ ನುಡಿಯನ್ನೂ ಹಿಂದೆ ಸ್ವಾಹಿಲಿಯ ಉಪಭಾಷೆಯೆಂದೇ ಹಲವರು ಎಣಿಸಿದ್ದುಂಟು. ಜನ ಎನ್ನಲು ಸ್ವಾಹಿಲಿಯಲ್ಲಿ 'ವಾತು', ಇಲ್ಲಿ 'ವಾಂಡ್ರು'. ಎರಡೂ ಒಂದೇ ತಾಯಿಯ ಮಕ್ಕಳು. ಕೀನ್ಯಾದ ಸಬಾಕಿ ನದಿಯ ಹೆಸರನ್ನೇ ಭಾಷಾತಜ್ಞರು ಈ ಬಳಗಕ್ಕಿಟ್ಟಿದ್ದಾರೆ. ಕೊಮೊರೊ 1975ರಲ್ಲಿ ಸ್ವತಂತ್ರವಾಯಿತು. 2001ರ ಸಂವಿಧಾನ ಅಲ್ಲಿನ ನುಡಿಯನ್ನು ಫ್ರೆಂಚ್, ಅರಬ್ಬಿಗಳ ಜೊತೆ ಅಧಿಕೃತ ಭಾಷೆಯಾಗಿಸಿತು. ರಾಜ್ಯವಿದ್ದಲ್ಲಿ ಭಾಷೆಯ ಪಟ್ಟ ಸುಲಭ.

ನಮ್ಮಲ್ಲಿ ನೀಲಗಿರಿಯ ಬಡಗ ನುಡಿಯನ್ನು ಅನೇಕ ತಜ್ಞರು ಬೇರೆ ಭಾಷೆಯೆನ್ನುತ್ತಾರೆ. 2011ರ ಜನಗಣತಿ ಅದನ್ನು ಕನ್ನಡದ ಲೆಕ್ಕಕ್ಕೇ ಸೇರಿಸಿತು. ಕುಂದಗನ್ನಡ ಬಡಗದಷ್ಟು ದೂರ ಸರಿದಿಲ್ಲ, ಅದು ಕನ್ನಡವೇ. ಬೇಕಾದದ್ದು ಬೇರೆ ಪಟ್ಟವಲ್ಲ, ಮಕ್ಕಳ ಬಾಯಲ್ಲಿ ಅದು ತಪ್ಪೆನಿಸದಿರುವುದು.

2019ರಿಂದ ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. ವೈದೇಹಿಯವರ ಕಥೆಗಳನ್ನಾಧರಿಸಿದ 'ಅಮ್ಮಚ್ಚಿಯೆಂಬ ನೆನಪು' 2018ರಲ್ಲಿ ಈ ನುಡಿಯನ್ನು ತೆರೆಗೆ ತಂದಿತು. ಬರೆಯುವುದೇ ಕಷ್ಟ. 'ಹೋಯ್ಕ್' ಪದದ ಕೊನೆಯಲ್ಲಿ ಅರ್ಧ ಸ್ವರವೊಂದು ಕೇಳಿಸಿಯೂ ಕೇಳಿಸದಂತಿದೆ. ಅದನ್ನು 'ಹೋಯ್ಕ್' ಎನ್ನಬೇಕೇ, 'ಹೋಯ್ಕು' ಎನ್ನಬೇಕೇ? ಅದಕ್ಕೆ ಹೊಂದುವ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ.