ಸೊಸೆಯ ಇಂಟರ್‌ವ್ಯೂಗೆ ಮನೆಮಂದಿಯೆಲ್ಲ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಆರೂ ಜನ ಯಲಹಂಕದಿಂದ ಧಾರವಾಡಕ್ಕೆ ಕಾರಿನಲ್ಲಿ ಹೋಗಿಬಂದೆವು. ಪ್ರವಾಸಕ್ಕಲ್ಲ, ಸೊಸೆಯ ಇಂಟರ್‌ವ್ಯೂಗೆ.

ಅವಳು ಸಂಖ್ಯಾಶಾಸ್ತ್ರ ಪಾಠ ಹೇಳುವವಳು. ಎಂಟು ವರ್ಷದ ಹಿಂದೆ ಮೊಮ್ಮಗ ಹುಟ್ಟಿದಾಗಲೇ ನಮ್ಮ ಮನೆಯವರ ಮಂಡಿಯ ಆಪರೇಷನ್ನೂ ಆಯಿತು. ಕೆಲಸ ಬಿಟ್ಟಳು. ಈಗ ಧಾರವಾಡದ ಕಾಲೇಜೊಂದರಿಂದ ಕರೆ ಬಂದಿತ್ತು. ಕಾಯಂ ಹುದ್ದೆ. ಪತ್ರ ಕೈಗೆ ಸಿಕ್ಕಿದ್ದು ನಾಲ್ಕೇ ದಿನ ಮುಂಚೆ, ರೈಲಿನಲ್ಲಿ ಟಿಕೆಟ್ ಇಲ್ಲ. ಮಗ ಸ್ನೇಹಿತನ ಏಳು ಸೀಟಿನ ಕಾರು ಕೇಳಿ ತಂದ. "ಮಾವ, ನೀವೂ ಅತ್ತೆಯೂ ಬನ್ನಿ. ಕೆಲಸ ಸಿಕ್ಕಿದರೆ ಎಂಥ ಊರಿಗೆ ಹೋಗ್ತೀನಿ ಅಂತ ನೋಡಿದ ಹಾಗೂ ಆಗುತ್ತೆ" ಅಂದಳು ಸೊಸೆ.

ಬರ್ತೀನಮ್ಮ ಅಂದೆ. ಆದರೆ ಒಳಗೆ ಬೇರೆ ಲೆಕ್ಕ ನಡೆದಿತ್ತು. ನನ್ನ ಬಿ.ಪಿ. ಮಾತ್ರೆ ನೆನಪಿಸುವವಳು ಅವಳು. ಮಕ್ಕಳ ಡಬ್ಬಿ, ಮನೆಯವರ ಫಿಸಿಯೋಥೆರಪಿ, ಗ್ಯಾಸ್ ಬುಕ್ ಮಾಡುವುದು, ಎಲ್ಲವೂ ಅವಳದೇ. ಈ ಕೆಲಸ ಅವಳಿಗೆ ಸಿಗದಿದ್ದರೇ ಒಳ್ಳೆಯದು ಎಂದು ಮನಸ್ಸು ಹೇಳುತ್ತಿತ್ತು. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಭಾನುವಾರ ಬೆಳಗಿನ ಜಾವ ಐದಕ್ಕೆ ಹೊರಟೆವು. ಯಲಹಂಕದವರಿಗೆ ಈಗ ಯಶವಂತಪುರ, ಪೀಣ್ಯದ ಗೋಜಿಲ್ಲ. ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಹೋದರೆ ನೇರ ಹೆದ್ದಾರಿ. ಅಲ್ಲಿ ಎಡಗಡೆ ಶಿವಗಂಗೆ ಬೆಟ್ಟ ಮಂಜಿನಲ್ಲಿ ಕಂಡಿತು. ರಸ್ತೆಯ ಬೋರ್ಡಿನಲ್ಲಿ 48 ಎಂಬ ಅಂಕಿ ನೋಡಿ ನನಗೆ ಗಲಿಬಿಲಿ. ನಮ್ಮ ಕಾಲದಲ್ಲಿ 48 ಅಂದರೆ ಹಾಸನದ ಮೇಲೆ ಮಂಗಳೂರಿಗೆ ಹೋಗುವ ದಾರಿ, ಪುಣೆಯ ದಾರಿ ನಂಬರ್ 4. ಈಗ ಮಂಗಳೂರಿನದು 75, ಪುಣೆಯದು 48. ಬ್ಯಾಂಕಿನಲ್ಲಿ ಖಾತೆ ನಂಬರು ಬದಲಾದರೂ ಹಳೆಯ ನಂಬರನ್ನೇ ಹೇಳುವ ಗ್ರಾಹಕರಿದ್ದರಲ್ಲ, ಹಾಗಾಯಿತು ನನ್ನ ಸ್ಥಿತಿ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಶಿರಾ ದಾಟಿ ಹಿರಿಯೂರು ಬಂದಾಗ ಮಕ್ಕಳಿಗೆ ವಾಣಿವಿಲಾಸ ಸಾಗರದ ಕಥೆ ಹೇಳಿದೆ. ವೇದಾವತಿ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. "89 ವರ್ಷ!" ಎಂದು ಮೊಮ್ಮಗಳು ಥಟ್ಟನೆ ಕಳೆದು ಹೇಳಿದಳು. ಏಳನೇ ಕ್ಲಾಸು, ಅಮ್ಮನ ಮಗಳು. ಅಮ್ಮ ಮಾತ್ರ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಏನನ್ನೋ ಗುನುಗಿಕೊಳ್ಳುತ್ತಿದ್ದಳು. ನಮ್ಮ ಮನೆಯವರು ಲಲಿತಾ ಸಹಸ್ರನಾಮ ಇರಬಹುದೆಂದರು. ಆಮೇಲೆ ನೋಡಿದರೆ ಸೂತ್ರಗಳು.

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳು. ಮೊಮ್ಮಗ ಎಣಿಸುತ್ತ ಎಣಿಸುತ್ತ ನಿದ್ದೆಹೋದ. ಅವನನ್ನು ಎಬ್ಬಿಸಿದ್ದು ದಾವಣಗೆರೆಯ ಬೆಣ್ಣೆ ದೋಸೆ. ಹರಿಹರದ ಬಳಿ ತುಂಗಭದ್ರೆ ದಾಟುವಾಗ ಕಾರು ನಿಧಾನ ಮಾಡಿಸಿದೆ. 1956ರ ನವೆಂಬರ್ 1ಕ್ಕೆ ಮೊದಲು ಈ ದಡ ಮೈಸೂರು ರಾಜ್ಯ, ಆಚೆ ದಡ ಮುಂಬೈ ರಾಜ್ಯ. ಎರಡೂ ಕಡೆ ಕನ್ನಡದ ಜನವೇ. ಹೊಳೆಯಾಚೆ ಸರ್ವೀಸ್ ರಸ್ತೆಯುದ್ದಕ್ಕೂ ಮೆಕ್ಕೆಜೋಳ ಹರವಿದ್ದರು.

ಸುಮಾರು 430 ಕಿಲೋಮೀಟರ್. ಮಧ್ಯಾಹ್ನ ಮೂರರ ಹೊತ್ತಿಗೆ ಧಾರವಾಡ. ಸಂಜೆ ಸಾಧನಕೇರಿಗೆ ಹೋಗಿ ಬೇಂದ್ರೆಯವರ ಮನೆಯನ್ನು ಹೊರಗಿನಿಂದ ನೋಡಿ ಬಂದೆವು. ರಾತ್ರಿ ಲಾಡ್ಜಿನಲ್ಲಿ ಸೊಸೆ ಊಟ ಮಾಡಿದ್ದು ಎರಡೇ ತುತ್ತು.

ಸೋಮವಾರ ಹನ್ನೊಂದಕ್ಕೆ ಅವಳು ಒಳಗೆ ಹೋದಳು. ಮಗ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ನಾವು ನಾಲ್ವರು ಕಾಂಪೌಂಡಿನಲ್ಲಿ ನಿಂತಿದ್ದೆವು. ಕಾವಲಿನವರು ಬೆಂಚು ತೋರಿಸಿ, "ಕೂಡ್ರಿ ಯಜಮಾನ್ರ, ಬಿಸಲಾಗ ಯಾಕ ನಿಂತೀರಿ?" ಎಂದರು. ಮೊಮ್ಮಗನಿಗೆ ಆ 'ಕೂಡ್ರಿ' ಬಹಳ ಹಿಡಿಸಿತು. ಈಗಲೂ ಮನೆಗೆ ಬಂದವರಿಗೆಲ್ಲ "ಕೂಡ್ರಿ" ಅನ್ನುತ್ತಾನೆ.

ಕಾಯುತ್ತ ಒಂದು ಗಂಟೆಯಾಯಿತು. ಮೊಮ್ಮಗಳು ಕೇಳಿದಳು: "ತಾತ, ನಿಮ್ಮ ಇಂಟರ್‌ವ್ಯೂಗೆ ಯಾರು ಬಂದಿದ್ರು?"

ನಮ್ಮ ತಂದೆ ಬಂದಿದ್ದರು. 1975, ನಾನು ಆಗಷ್ಟೇ ಬಿ.ಕಾಂ. ಮುಗಿಸಿದ್ದೆ. ಮಂಗಳೂರಿನಲ್ಲಿ ಇಂಟರ್‌ವ್ಯೂ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ನನಗೆ ವಾಂತಿ. ಇಸ್ತ್ರಿ ಮಾಡಿದ ನನ್ನ ಷರಟನ್ನು ತಂದೆಯವರು ಪೇಪರಿನಲ್ಲಿ ಸುತ್ತಿ ರಾತ್ರಿಯೆಲ್ಲ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವರು ಪ್ರೈಮರಿ ಶಾಲೆಯ ಮೇಷ್ಟರು, ಇದ್ದ ರಜೆಯನ್ನೆಲ್ಲ ಕೂಡಿಸಿ ಬಂದಿದ್ದರು. ಮೂರು ಗಂಟೆ ಹೊರಗೆ ಮರದ ಕೆಳಗೆ ಕೂತಿದ್ದರು. ನಾನು ಹೊರಗೆ ಬಂದಾಗ ಏನು ಕೇಳಿದರು ಅಂತಲೂ ವಿಚಾರಿಸಲಿಲ್ಲ. "ಹಸಿವಾಯ್ತಾ?" ಅಂದರು ಅಷ್ಟೆ. ಕೆಲಸ ಸಿಕ್ಕಿತು. ಹಾಕಿದ್ದು ಮಾತ್ರ ಬಿಜಾಪುರಕ್ಕೆ.

"ದೂರಾನಾ?"

"ಈ ಧಾರವಾಡಕ್ಕಿಂತ ದೂರ. ಆಗ ನಮ್ಮಮ್ಮನಿಗೆ ಉಬ್ಬಸ ಬೇರೆ."

"ಮತ್ತೆ ಅವರನ್ನ ಯಾರು ನೋಡ್ಕೊಂಡ್ರು?"

"ನಮ್ಮ ತಂದೆ."

ಇಷ್ಟು ಹೇಳಿ ಸುಮ್ಮನಾದೆ. ಹಾಸಿಗೆ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಸ್ಟೇಷನ್ನಿಗೆ ಬಂದ ತಂದೆಯವರು ಕಣ್ಣಿಗೆ ಕಟ್ಟಿದರು. ಹೋಗಬೇಡ ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಹಾಗನ್ನಬಹುದಿತ್ತು ಎಂಬುದು ಈ ಐವತ್ತು ವರ್ಷದಲ್ಲಿ ನನಗೆ ಹೊಳೆದಿರಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ಮೆಲ್ಲಗೆ, "ರೀ, ಡಬ್ಬಿ ನಾನು ಕಟ್ತೀನಿ. ಕೂತು ತರಕಾರಿ ಹೆಚ್ಚೋಕೆ ಮಂಡಿ ಏನೂ ಬೇಕಾಗಿಲ್ಲ" ಅಂದರು. ನನ್ನ ಲೆಕ್ಕ ಅವರಿಗೆ ಯಾವಾಗಲೋ ಗೊತ್ತಾಗಿತ್ತು!

ಒಂದೂ ಕಾಲಿಗೆ ಸೊಸೆ ಹೊರಗೆ ಬಂದಳು. ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. "ಎಂಟು ವರ್ಷ ಏನು ಮಾಡ್ತಿದ್ರಿ ಅಂತ ಕೇಳಿದ್ರು ಮಾವ. ಮನೆ ನೋಡ್ಕೋತಿದ್ದೆ ಅಂದೆ. ಆಮೇಲೆ ಬೋರ್ಡಿನ ಮೇಲೆ ಪಾಠ ಮಾಡಿ ತೋರಿಸಿ ಅಂದ್ರು. ಮಾಡಿದೆ." ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಹಸಿವಾಯ್ತೇನಮ್ಮ?" ಮೊಮ್ಮಗಳು ನನ್ನ ಕಡೆ ತಿರುಗಿ ಕಿಸಕ್ಕನೆ ನಕ್ಕಳು.

ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಸೊಸೆ ಮೂರು ರೊಟ್ಟಿ ತಿಂದಳು. ಲೈನ್ ಬಜಾರಿನಲ್ಲಿ ಒಂದು ಕಿಲೋ ಪೇಡಾ ಕೊಂಡೆವು. ಹಾವೇರಿ ಬರುವ ಹೊತ್ತಿಗೆ ಅದರಲ್ಲಿ ಕಾಲು ಭಾಗ ಉಳಿದಿರಲಿಲ್ಲ. ಯಾರು ತಿಂದರೆಂದು ಬರೆಯುವುದಿಲ್ಲ, ನನಗೆ ಸಕ್ಕರೆ ಕಾಯಿಲೆಯಿಲ್ಲ ಎಂದಷ್ಟೇ ಹೇಳುತ್ತೇನೆ.

ಮೂರು ವಾರದ ಮೇಲೆ ಆದೇಶ ಬಂತು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಅವರು ನಮ್ಮ ಜೊತೆ ಯಲಹಂಕದಲ್ಲೇ, ಸೊಸೆ ವಾರಕ್ಕೊಮ್ಮೆ ಬಂದುಹೋಗುತ್ತಾಳೆ. ಜೂನ್ ಬಂದಾಗ ಮುಂದಿನದು. ಅವಳು ಹೊರಡುವ ಹಿಂದಿನ ರಾತ್ರಿ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: ಗ್ಯಾಸ್ ಏಜೆನ್ಸಿಯ ನಂಬರು, ಹಾಲಿನ ಲೆಕ್ಕ, ನನ್ನ ಮಾತ್ರೆಯ ಹೊತ್ತು. ಮೊದಲ ಸೋಮವಾರ ಉಪ್ಪಿಟ್ಟಿಗೆ ನಾನು ಉಪ್ಪು ಹಾಕಲು ಮರೆತೆ. ಮೊಮ್ಮಗ ಡಬ್ಬಿ ಖಾಲಿ ಮಾಡಿಕೊಂಡೇ ಬಂದ. ತಾನೇ ತಿಂದನೋ, ಸ್ನೇಹಿತರಿಗೆ ದಾಟಿಸಿದನೋ ಇನ್ನೂ ಬಾಯಿ ಬಿಟ್ಟಿಲ್ಲ.